ಸಂಪನ್ಮೂಲ ಎಂದರೆ ಸಂಪತ್ತಲ್ಲ

ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ನಮ್ಮ ಅಕ್ಕನ ಮಗಳ ಟಿಪ್ಪಣಿ ಪುಸ್ತಕ ಮೊನ್ನೆ ಕೈಗೆ ಸಿಕ್ಕಿತು. ಪೆಸಿಫಿಕ್ ದ್ವೀಪಗಳ ಪುಟದಲ್ಲಿ, ಯಾವುದೋ ಗೈಡಿನಿಂದ ಇಳಿಸಿಕೊಂಡ ಎರಡು ಸಾಲು. ನೌರು ಅಪಾರ ಸಂಪತ್ತಿದ್ದ ದೇಶ, ಫಾಸ್ಫೇಟ್ ಮುಗಿದು ಬಡವಾಯಿತು. ಕಿರಿಬಾಟಿ ಸಂಪನ್ಮೂಲವಿಲ್ಲದ ದೇಶ, ಹಾಗಾಗಿ ಹಿಂದಿನಿಂದಲೂ ಬಡದೇಶ. ಒಂದು ಸಾಲಿನಲ್ಲಿ ಸಂಪತ್ತು, ಇನ್ನೊಂದರಲ್ಲಿ ಸಂಪನ್ಮೂಲ, ಎರಡಕ್ಕೂ ಒಂದೇ ಅರ್ಥ ಎಂಬಂತೆ. ಪತ್ರಿಕೆಗಳಲ್ಲಿ, ಭಾಷಣಗಳಲ್ಲಿ, ಪಠ್ಯಗಳಲ್ಲಿ ಈ ಅದಲುಬದಲನ್ನು ಎಷ್ಟೋ ವರ್ಷಗಳಿಂದ ನೋಡಿ ಸುಮ್ಮನಿದ್ದೆ. ಪರೀಕ್ಷೆಗೆ ಕೂರುವ ಹುಡುಗಿ ಅದನ್ನೇ ಬಾಯಿಪಾಠ ಮಾಡುತ್ತಿರುವುದನ್ನು ಕಂಡ ಮೇಲೆ ಸುಮ್ಮನಿರಲು ಆಗಲಿಲ್ಲ.

ಜಲಸಂಪನ್ಮೂಲ, ಮಾನವ ಸಂಪನ್ಮೂಲ, ಸಂಪನ್ಮೂಲ ವ್ಯಕ್ತಿ, ಬಜೆಟ್ಟಿನ ಸಂಪನ್ಮೂಲ ಕ್ರೋಡೀಕರಣ, ಇವೆಲ್ಲ ಓದುಗರಿಗೆ ಗೊತ್ತಿರುವವೇ. ಅವುಗಳ ವಿವರಣೆಗೆ ಹೋಗುವುದಿಲ್ಲ. ನೇರವಾಗಿ ಪದವನ್ನೇ ಬಿಡಿಸಿ ನೋಡೋಣ.

ಸಂಪತ್ + ಮೂಲ. ಜಗತ್ತಿನ ನಾಥ ಜಗನ್ನಾಥ ಆದಂತೆ, ಸತ್ ಮತ್ತು ಮಾನ ಸೇರಿ ಸನ್ಮಾನ ಆದಂತೆ, ಇಲ್ಲೂ ತಕಾರ ಹೋಗಿ ನಕಾರ ಬಂದಿದೆ. ಶಾಲೆಯಲ್ಲಿ ಕಲಿತ ಅನುನಾಸಿಕ ಸಂಧಿ. ಇದನ್ನು 'ಸಂಪನ್ನ ಮೂಲ' ಎಂದು ಒಡೆಯುವವರನ್ನೂ ಕಂಡಿದ್ದೇನೆ, ಅದು ತಪ್ಪು. ಇದು ಸಂಪತ್ತಿನ ಮೂಲ, ಷಷ್ಠೀ ತತ್ಪುರುಷ. ತತ್ಪುರುಷದಲ್ಲಿ ಮುಖ್ಯವಾದದ್ದು ಎರಡನೆಯ ಪದ. ಅಂದರೆ ಈ ಪದ ಹೆಸರಿಸುತ್ತಿರುವುದು ಮೂಲವನ್ನು, ಸಂಪತ್ತನ್ನಲ್ಲ. ನದೀಮೂಲ ಎಂದಾಗ ನಮಗೆ ಈ ಗೊಂದಲ ಇರುವುದಿಲ್ಲ. ತಲಕಾವೇರಿಯ ಕುಂಡಿಕೆಯೊಂದೇ ಕೃಷ್ಣರಾಜಸಾಗರವನ್ನು ತುಂಬಿಸುತ್ತದೆ ಎಂದು ಯಾರೂ ಹೇಳುವುದಿಲ್ಲ. ಹಾರಂಗಿ ಬಂದು ಸೇರಬೇಕು, ಹೇಮಾವತಿ ಸೇರಬೇಕು, ಲಕ್ಷ್ಮಣತೀರ್ಥ ಸೇರಬೇಕು, ಅಣೆಕಟ್ಟು ಕಟ್ಟಬೇಕು, ಗೇಟು ಕಾಯಬೇಕು. ಆಮೇಲೆ ಗದ್ದೆಗೆ ನೀರು.

ಸಂಪತ್ ಎಂಬ ಮೊದಲ ಭಾಗವೂ ನಾವು ಅಂದುಕೊಂಡಂತೆ ಸುಮ್ಮನೆ ರಾಶಿ ಬಿದ್ದಿರುವ ಹೊನ್ನಲ್ಲ. ಅದರೊಳಗಿರುವುದು ಪದ್ ಧಾತು: ಹೋಗು, ಬೀಳು, ಒದಗು. ಸಂ ಉಪಸರ್ಗ ಸೇರಿದಾಗ ಚೆನ್ನಾಗಿ ಒದಗಿಬಂದದ್ದು, ಕೈಗೂಡಿದ್ದು. ಅದೇ ಧಾತುವಿಗೆ ವಿ ಸೇರಿದರೆ ವಿಪತ್ತು, ಆ ಸೇರಿದರೆ ಆಪತ್ತು. ಉತ್ ಸೇರಿದರೆ ಉತ್ಪತ್ತಿ, ಉತ್ಪನ್ನ. ದೇಶದ ಲೆಕ್ಕ ಹೇಳುವಾಗ ಬಳಸುವ ಒಟ್ಟು ದೇಶೀಯ ಉತ್ಪನ್ನದ ಉತ್ಪನ್ನವೂ ಇದೇ ಬೇರಿನದು. ಸಂಪತ್ತು, ವಿಪತ್ತು, ಉತ್ಪನ್ನ ಮೂರೂ ಒಡಹುಟ್ಟಿದವು. ಮೂರರ ನಡುವಿನ ವ್ಯತ್ಯಾಸ ಇರುವುದು ಧಾತುವಿನಲ್ಲಲ್ಲ, ಅದಕ್ಕೆ ಅಂಟಿಕೊಂಡ ಉಪಸರ್ಗದಲ್ಲಿ.

ಹಿಂದಿಯವರು ಇದಕ್ಕೆ ಸಂಸಾಧನ ಎನ್ನುತ್ತಾರೆ, ಅದು ಸಾಧನದ ಕಡೆಗೆ ವಾಲುವ ಪದ. ಮಲಯಾಳಂನಲ್ಲಿ ವಿಭವಂ, ಅದು ಸಂಪತ್ತಿನ ಹೆಸರೇ. ಕನ್ನಡದಲ್ಲಿ ನೆಲೆನಿಂತ ಪದ ಮಾತ್ರ ಮೂಲವನ್ನೂ ಫಲವನ್ನೂ ಬೇರೆ ಬೇರೆ ಇಟ್ಟಿದೆ. ಇಷ್ಟು ಒಳ್ಳೆಯ ಪದ ಕೈಯಲ್ಲಿದ್ದೂ ಅದನ್ನು ಸಂಪತ್ತಿಗೆ ಪರ್ಯಾಯವಾಗಿ ಸವೆಸುತ್ತಿದ್ದೇವೆ ಎಂಬುದೇ ನನ್ನ ಬೇಸರ.

ಈಗ ಟಿಪ್ಪಣಿ ಪುಸ್ತಕದ ಆ ಎರಡು ದೇಶಗಳಿಗೆ ಬರೋಣ. ಮೂಲಕ್ಕೂ ಸಂಪತ್ತಿಗೂ ನಡುವೆ ಇರುವ ದೂರವನ್ನು ಇವಕ್ಕಿಂತ ಚೆನ್ನಾಗಿ ತೋರಿಸುವ ಜೋಡಿ ನನಗೆ ಗೊತ್ತಿಲ್ಲ. ನೌರು ಕೇವಲ 21 ಚದರ ಕಿಲೋಮೀಟರಿನ ಒಂದೇ ದ್ವೀಪ, ಜನಸಂಖ್ಯೆ ಹನ್ನೆರಡು ಸಾವಿರದ ಆಸುಪಾಸು. ಕಿರಿಬಾಟಿ 33 ದ್ವೀಪಗಳ ದೇಶ. ನೆಲವೆಲ್ಲ ಸೇರಿ 811 ಚದರ ಕಿಲೋಮೀಟರ್, ಆದರೆ ಅದು ಸುಮಾರು 35 ಲಕ್ಷ ಚದರ ಕಿಲೋಮೀಟರ್ ಸಮುದ್ರದಲ್ಲಿ ಚೆಲ್ಲಿಹೋಗಿದೆ. ಜನಸಂಖ್ಯೆ ನೌರುವಿನ ಹತ್ತರಷ್ಟು. (ಉಚ್ಚಾರ ಕಿರಿಬಾಸ್. ಗಿಲ್ಬರ್ಟ್ಸ್ ಎಂಬ ವಸಾಹತು ಹೆಸರನ್ನು ಅಲ್ಲಿನ ನಾಲಿಗೆ ಹೇಳಿದ ರೀತಿ ಅದು. ಅವರ ಬರಹದಲ್ಲಿ 'ಟಿ' ಎಂದರೆ 'ಸ್'.) ನೌರುವಿನಿಂದ ಪೂರ್ವಕ್ಕೆ ಸುಮಾರು 300 ಕಿಲೋಮೀಟರ್ ದೂರದಲ್ಲಿರುವ ಬನಾಬಾ ಎಂಬ ಪುಟ್ಟ ದ್ವೀಪ ಕಿರಿಬಾಟಿಗೆ ಸೇರಿದ್ದು. ಅಲ್ಲಿದ್ದದ್ದೂ ಅದೇ ಉತ್ಕೃಷ್ಟ ಫಾಸ್ಫೇಟ್. ಆದ್ದರಿಂದ ಕಿರಿಬಾಟಿ ಸಂಪನ್ಮೂಲವಿಲ್ಲದ ದೇಶ ಎಂಬ ಸಾಲು ಮೊದಲಿಗೇ ಬಿದ್ದುಹೋಯಿತು.

ಆ ಫಾಸ್ಫೇಟ್ ಪತ್ತೆಯಾದ ಕತೆ ನೋಡಿ. ನೌರುವಿನಿಂದ ಯಾರೋ ತಂದ ಒಂದು ಕಲ್ಲು ಸಿಡ್ನಿಯ ವ್ಯಾಪಾರ ಕಚೇರಿಯೊಂದರಲ್ಲಿ ಬಾಗಿಲು ಬಡಿದುಕೊಳ್ಳದಂತೆ ಒತ್ತು ಕೊಡಲು ಬಿದ್ದಿತ್ತು. ಅದು ಕಲ್ಲಾಗಿ ಮಾರ್ಪಟ್ಟ ಮರ ಎಂದೇ ಎಲ್ಲರ ನಂಬಿಕೆ. 1899ರಲ್ಲಿ ಆಲ್ಬರ್ಟ್ ಎಲ್ಲಿಸ್ ಎಂಬಾತ ಅನುಮಾನದಿಂದ ಅದನ್ನು ಪರೀಕ್ಷಿಸಿದ. ಗೊಬ್ಬರಕ್ಕೆ ಹೇಳಿ ಮಾಡಿಸಿದ, ಬಹಳ ಮೇಲ್ದರ್ಜೆಯ ಫಾಸ್ಫೇಟ್ ಅದು. ಹಿಂದಿನ ದಿನದವರೆಗೂ ಅದು ಬಾಗಿಲಿಗಿಟ್ಟ ಕಲ್ಲು. ಕಲ್ಲಿನೊಳಗೆ ಏನೂ ಬದಲಾಗಲಿಲ್ಲ. ಬದಲಾದದ್ದು ಹೊರಗಿನವರ ಅಗತ್ಯ ಮತ್ತು ಅರಿವು: ಆಸ್ಟ್ರೇಲಿಯಾ, ನ್ಯೂಜಿಲೆಂಡಿನ ಹೊಲಗಳಿಗೆ ಗೊಬ್ಬರ ಬೇಕಿತ್ತು.

ಇನ್ನು ಸಂಪನ್ಮೂಲ ಸಂಪತ್ತಾಗುವುದಾದರೂ ಯಾರಿಗೆ? 1900ರ ಮೇ ತಿಂಗಳಲ್ಲಿ ಎಲ್ಲಿಸ್ ಬನಾಬಾಕ್ಕೆ ಹೋಗಿ ಅಲ್ಲಿನವರೊಂದಿಗೆ ಒಪ್ಪಂದ ಮಾಡಿಕೊಂಡ. ಇಡೀ ದ್ವೀಪದ ಫಾಸ್ಫೇಟ್ ತೆಗೆಯುವ ಹಕ್ಕು, 999 ವರ್ಷಗಳಿಗೆ, ವರ್ಷಕ್ಕೆ 50 ಪೌಂಡ್. ಮೂಲ ಬನಾಬಾದವರ ಕಾಲಡಿಯಲ್ಲಿತ್ತು, ಸಂಪತ್ತು ಹಡಗು ಹತ್ತಿತು. ನೌರುವಿನಲ್ಲೂ 1906ರಿಂದ ಅಗೆತ ಶುರುವಾಗಿ, ಮೊದಲ ಮಹಾಯುದ್ಧದ ನಂತರ ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮೂರೂ ಸೇರಿ ನಡೆಸುವ ಬ್ರಿಟಿಷ್ ಫಾಸ್ಫೇಟ್ ಕಮಿಷನರ್ಸ್ ಎಂಬ ಸಂಸ್ಥೆಯ ಕೈಗೆ ಎರಡೂ ದ್ವೀಪಗಳು ಹೋದವು.

ಮುಂದೆ ಎರಡರ ದಾರಿ ಬೇರೆಯಾಯಿತು. ನೌರು 1968ರ ಜನವರಿ 31ರಂದು ಸ್ವತಂತ್ರವಾಯಿತು. ಗಣಿಯನ್ನು 2.1 ಕೋಟಿ ಆಸ್ಟ್ರೇಲಿಯನ್ ಡಾಲರಿಗೆ ಕೊಂಡು 1970ರಲ್ಲಿ ತಾನೇ ನಡೆಸತೊಡಗಿತು. ಆ ದಶಕದಲ್ಲಿ ಅದರ ತಲಾ ವರಮಾನ ಲೋಕದಲ್ಲೇ ಮುಂಚೂಣಿಯಲ್ಲಿತ್ತು. ಆದಾಯ ತೆರಿಗೆ ಇರಲಿಲ್ಲ, ಶಿಕ್ಷಣ, ಚಿಕಿತ್ಸೆ ಉಚಿತ. ಉಳಿತಾಯಕ್ಕೆಂದು ಫಾಸ್ಫೇಟ್ ರಾಯಲ್ಟಿ ಟ್ರಸ್ಟ್ ಕೂಡ ಇತ್ತು, ಹಾಗಾಗಿ ನೌರುವಿನವರು ನಾಳೆಯ ಯೋಚನೆಯನ್ನೇ ಮಾಡಲಿಲ್ಲ ಎನ್ನುವುದು ಅನ್ಯಾಯ. ಆದರೆ ಆ ಟ್ರಸ್ಟಿನ ಲೆಕ್ಕ ಜನರ ಮುಂದೆ ಬರುತ್ತಿರಲಿಲ್ಲ, ಅದರ ಆಸ್ತಿಯ ಮೇಲೆ ಸರ್ಕಾರ ಸಾಲ ಎತ್ತುತ್ತಾ ಹೋಯಿತು. 1977ರಲ್ಲಿ ಮೆಲ್ಬರ್ನಿನಲ್ಲಿ 52 ಅಂತಸ್ತಿನ ನೌರು ಹೌಸ್ ಎದ್ದಿತು. ಆ ಪುಟ್ಟ ದ್ವೀಪಕ್ಕೆ ಸ್ವಂತ ವಿಮಾನಯಾನ ಸಂಸ್ಥೆ, ಅಷ್ಟು ಕಡಿಮೆ ಜನಸಂಖ್ಯೆಗೆ ಅತಿಯೆನ್ನಿಸುವಷ್ಟು ಸೀಟುಗಳು. 1993ರಲ್ಲಿ ಲಂಡನ್ನಿನ ಒಂದು ಸಂಗೀತ ನಾಟಕಕ್ಕೆ ಹಣ ಹಾಕಿದರು, ಅದು ಕೆಲವೇ ವಾರಗಳಲ್ಲಿ ಮುಚ್ಚಿತು. ಸಂಸತ್ತಿನಲ್ಲಿ ಆಗ 18 ಸದಸ್ಯರು, ಅಧ್ಯಕ್ಷರನ್ನು ಆರಿಸುವವರೂ ಇಳಿಸುವವರೂ ಅವರೇ. ಒಬ್ಬಿಬ್ಬರು ಆಚೀಚೆ ಸರಿದರೆ ಸರ್ಕಾರ ಉರುಳುತ್ತಿತ್ತು. 2004ರಲ್ಲಿ ಸಾಲ ಕೊಟ್ಟವರ ಪಾಲಾಗಿ ನೌರು ಹೌಸ್ ಮಾರಾಟವಾಯಿತು.

ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂಬ ಗಾದೆಯನ್ನು ಇಲ್ಲಿ ಎಲ್ಲರೂ ತರುತ್ತಾರೆ. ನನಗೆ ಅದು ಅರ್ಧ ಮಾತ್ರ ಸರಿ ಅನ್ನಿಸುತ್ತದೆ. ಕುಡಿಕೆಯಲ್ಲಿದ್ದದ್ದು ಹೊನ್ನಾಗಿರಲಿಲ್ಲ, ಹೊನ್ನಿನ ಮೂಲವಾಗಿತ್ತು. ಆ ಎರಡನ್ನೂ ಒಂದೇ ಎಂದುಕೊಂಡದ್ದರಿಂದ ಪ್ರತಿ ಹಡಗಿನ ದುಡ್ಡೂ ಆ ವರ್ಷದ ವರಮಾನವಾಗಿ ಕಂಡಿತು. ನಿಜಕ್ಕೂ ಅದು ನೆಲ ಮಾರಿದ ದುಡ್ಡು. ಅಡಿಕೆ ಮಾರಿದ ದುಡ್ಡಿಗೂ ತೋಟವನ್ನೇ ಮಾರಿದ ದುಡ್ಡಿಗೂ ಇರುವ ವ್ಯತ್ಯಾಸ ನಮ್ಮಲ್ಲಿ ಯಾವ ರೈತನಿಗೂ ಹೇಳಿಕೊಡಬೇಕಾಗಿಲ್ಲ.

ತೋಟ ಮಾರಿದ ದುಡ್ಡನ್ನು ಏನು ಮಾಡಬೇಕು ಎಂಬುದಕ್ಕೂ ಕನ್ನಡದಲ್ಲಿ ಪದವಿದೆ: ಮೂಲಧನ. ಮೂಲ ಇಲ್ಲಿ ಹಿಂದಿನಿಂದ ಮುಂದಕ್ಕೆ ಬಂದಿದೆ. ಆಡುಮಾತಿನಲ್ಲಿ ಅಸಲು, ಇಡಿಗಂಟು. ಸಂಪನ್ಮೂಲವನ್ನು ಮೂಲಧನವಾಗಿಸುವುದು, ಆಮೇಲೆ ಅಸಲು ಕದಲಿಸದೆ ಬಡ್ಡಿಯಲ್ಲಿ ಸಂಸಾರ ತೂಗಿಸುವುದು. 1956ರಲ್ಲಿ, ಇನ್ನೂ ಬ್ರಿಟಿಷರ ಆಡಳಿತವಿದ್ದಾಗಲೇ, ಗಿಲ್ಬರ್ಟ್ ದ್ವೀಪಗಳಲ್ಲಿ ನಡೆದದ್ದು ಇದು. ಬನಾಬಾದ ಫಾಸ್ಫೇಟಿನ ಮೇಲಿನ ತೆರಿಗೆಯಿಂದ ಒಂದು ಮೀಸಲು ನಿಧಿ ಕಟ್ಟಿ ವಿದೇಶದಲ್ಲಿ ಹೂಡಿದರು. 1979ರಲ್ಲಿ ಬನಾಬಾದ ಫಾಸ್ಫೇಟ್ ಮುಗಿಯಿತು, ಅದೇ ವರ್ಷ ಜುಲೈ 12ರಂದು ಕಿರಿಬಾಟಿ ಸ್ವತಂತ್ರವಾಯಿತು. ಗಣಿ ಮುಚ್ಚಿದ ವರ್ಷವೇ ಹುಟ್ಟಿದ ದೇಶ! ರಫ್ತಿನ ಬಹುಪಾಲು ಒಮ್ಮೆಲೇ ಹೋಯಿತು, ನಿಧಿ ಮಾತ್ರ ಉಳಿಯಿತು. ಅಧ್ಯಕ್ಷ ಇಯೆರೆಮಿಯಾ ತಬಾಯ್ ಬಿಗಿಮುಷ್ಟಿಯ ಆಡಳಿತ ನಡೆಸಿ ಅಸಲನ್ನು ಕಾಯ್ದರು. ಮುಂದಿನವರ ಕಾಲದಲ್ಲಿ ಅಸಲಿಗೂ ಕೈ ಹಾಕಿದ್ದುಂಟು, 2008ರ ಜಾಗತಿಕ ಕುಸಿತದ ಪೆಟ್ಟೂ ಬಿತ್ತು. ಆದರೂ ಇಂದು ಆ ನಿಧಿ ನೂರು ಕೋಟಿ ಆಸ್ಟ್ರೇಲಿಯನ್ ಡಾಲರನ್ನು ದಾಟಿದೆ. ಆಳ್ವಿಕೆಯ ಕಟ್ಟೂ ನೌರುವಿನಂತಲ್ಲ. ಅಭ್ಯರ್ಥಿಗಳನ್ನು ಸಂಸತ್ತು ಸೂಚಿಸುತ್ತದೆ, ಅವರಲ್ಲಿ ಅಧ್ಯಕ್ಷರನ್ನು ಆರಿಸುವವರು ಜನ. ಮೂರು ಅವಧಿಗಿಂತ ಹೆಚ್ಚು ಯಾರೂ ಕೂರುವಂತಿಲ್ಲ.

ಇಷ್ಟು ಓದಿ, ಹಾಗಾದರೆ ಕಿರಿಬಾಟಿ ಗೆದ್ದಿತು ಎಂದು ಬರೆದುಕೊಂಡರೆ ಅದು ಇನ್ನೊಂದು ತಪ್ಪು. ಕಿರಿಬಾಟಿ ಇಂದಿಗೂ ವಿಶ್ವಸಂಸ್ಥೆಯ ಅತಿ ಹಿಂದುಳಿದ ದೇಶಗಳ ಪಟ್ಟಿಯಲ್ಲಿದೆ. ನೌರುವಿನ ತಲಾ ವರಮಾನ ಅದಕ್ಕಿಂತ ಎಷ್ಟೋ ಹೆಚ್ಚು. ರಾಜಧಾನಿ ದಕ್ಷಿಣ ತರಾವಾದಲ್ಲಿ ದೇಶದ ಅರ್ಧಕ್ಕೂ ಹೆಚ್ಚು ಜನ ಇಕ್ಕಟ್ಟಿನಲ್ಲಿ ಬದುಕುತ್ತಾರೆ. ಹವಳದ ನೆಲದಡಿ ತೆಳ್ಳಗೆ ನಿಂತ ಸಿಹಿನೀರೇ ಬಾವಿಯ ನೀರು, ಅದಕ್ಕೆ ಶೌಚದ ಕೊಳೆ ಸೇರಿ ಎಳೆಮಕ್ಕಳು ಭೇದಿಯಿಂದ ನರಳುತ್ತಾರೆ. ಒಂದು ನಿಧಿಯ ಬಡ್ಡಿ 33 ದ್ವೀಪಗಳಿಗೆ ಎಷ್ಟೆಂದು ಸಾಲುತ್ತದೆ? ನೌರುವಿನ ಕಷ್ಟ ಬೇರೆ ಬಗೆಯದು. ದ್ವೀಪದ ನಡುವಿನ ಎತ್ತರದ ನೆಲವನ್ನು ಅಲ್ಲಿನವರು ಟಾಪ್‌ಸೈಡ್ ಎನ್ನುತ್ತಾರೆ, ಒಟ್ಟು ನೆಲದ ಸುಮಾರು ಐದರಲ್ಲಿ ನಾಲ್ಕು ಪಾಲು. ಫಾಸ್ಫೇಟ್ ಕೆರೆದು ತೆಗೆದ ಮೇಲೆ ಅಲ್ಲಿ ಉಳಿದಿರುವುದು ಆಳೆತ್ತರ ಮೀರಿದ ಸುಣ್ಣಕಲ್ಲಿನ ಮೊನೆಗಳು, ಮೊನೆಗಳ ನಡುವೆ ಕಂದಕ. ಉಳಲಾಗದು, ಮನೆ ಕಟ್ಟಲಾಗದು. ಜನರೆಲ್ಲ ಕರಾವಳಿಯ ಕಿರಿದಾದ ಬಳೆಯಲ್ಲಿ ವಾಸ. ಊಟ ಡಬ್ಬಿಯಲ್ಲಿ ಹಡಗಿನಿಂದ ಬರುತ್ತದೆ, ಸಕ್ಕರೆ ಕಾಯಿಲೆ ಮನೆಮನೆಯಲ್ಲಿದೆ. ಈ ನೆಲದ ಹಾಳಿಗೆ ಪರಿಹಾರ ಕೇಳಿ ನೌರು 1989ರಲ್ಲಿ ಆಸ್ಟ್ರೇಲಿಯಾವನ್ನು ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಎಳೆಯಿತು. 1993ರಲ್ಲಿ 10.7 ಕೋಟಿ ಆಸ್ಟ್ರೇಲಿಯನ್ ಡಾಲರಿಗೆ ರಾಜಿಯಾಯಿತು.

ಈ ಹೋಲಿಕೆಯಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವವರು ಬನಾಬಾದವರು. ಕಿರಿಬಾಟಿಯ ಮೂಲಧನ ಬಂದದ್ದು ಅವರ ನೆಲದಿಂದ. ಎರಡನೇ ಮಹಾಯುದ್ಧ ಮುಗಿಯುತ್ತಿದ್ದಂತೆ, 1945ರಲ್ಲಿ ಅವರನ್ನು ಎರಡು ಸಾವಿರ ಕಿಲೋಮೀಟರಿಗೂ ದೂರದ ಫಿಜಿಯ ರಾಂಬಿ ದ್ವೀಪಕ್ಕೆ ಸಾಗಿಸಲಾಯಿತು. ಅವರಲ್ಲಿ ಹೆಚ್ಚಿನವರ ಮಕ್ಕಳು ಮೊಮ್ಮಕ್ಕಳು ಇಂದಿಗೂ ಅಲ್ಲೇ ಇದ್ದಾರೆ. 1970ರ ದಶಕದಲ್ಲಿ ಲಂಡನ್ನಿನಲ್ಲಿ ಹೂಡಿದ ಮೊಕದ್ದಮೆ ವರ್ಷಗಟ್ಟಲೆ ನಡೆಯಿತು, ನ್ಯಾಯಾಧೀಶರು ಬನಾಬಾಕ್ಕೇ ಹೋಗಿ ನೋಡಿ ಬಂದರು, ಆದರೂ ಮುಖ್ಯ ಬೇಡಿಕೆಗಳಲ್ಲಿ ಅವರಿಗೆ ಸೋಲಾಯಿತು. ಕಿರಿಬಾಟಿಯ ಸಂಸತ್ತಿನಲ್ಲಿ ರಾಂಬಿಯವರಿಗೆಂದೇ ಒಂದು ಸ್ಥಾನವಿದೆ. ನಮ್ಮ ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿದಾಗ ಸೈನೈಡ್ ಗುಡ್ಡಗಳ ಪಕ್ಕದಲ್ಲಿ ಉಳಿದವರನ್ನು ನೆನೆಸಿಕೊಂಡರೆ ಮೂಲದ ಬಳಿ ಇದ್ದವರ ಪಾಲಿಗೆ ಏನು ಉಳಿಯುತ್ತದೆ ಎಂಬುದು ನಮಗೂ ಹೊಸ ಸಂಗತಿಯಲ್ಲ.

ಅಕ್ಕನ ಮಗಳ ಪುಸ್ತಕದಲ್ಲಿ ಅದೇ ಪುಟದ ಕೆಳಗೆ, ಪ್ರಚಲಿತ ವಿದ್ಯಮಾನ ಎಂಬ ತಲೆಬರಹದಡಿ ಇನ್ನೊಂದು ಸಾಲಿತ್ತು: ನೌರುವಿಗೆ ಸಮುದ್ರದಾಳದ ಸಂಪತ್ತು. 2021ರಲ್ಲಿ ನೌರು ಅಂತರರಾಷ್ಟ್ರೀಯ ಸಮುದ್ರತಳ ಪ್ರಾಧಿಕಾರದ ಮುಂದೆ, ಗಣಿಗಾರಿಕೆಯ ನಿಯಮಾವಳಿಯನ್ನು ಎರಡು ವರ್ಷದೊಳಗೆ ಸಿದ್ಧಪಡಿಸಬೇಕೆಂಬ ಗಡುವಿನ ನಿಯಮವನ್ನು ಎತ್ತಿದ ಸುದ್ದಿ ಅದು. ಸಾಗರದಡಿ ನಾಲ್ಕು ಕಿಲೋಮೀಟರಿಗೂ ಆಳದಲ್ಲಿ ಆಲೂಗಡ್ಡೆಯಂತೆ ಬಿದ್ದಿರುವ ಗಂಟುಗಳು, ಒಳಗೆ ಮ್ಯಾಂಗನೀಸ್, ನಿಕ್ಕಲ್, ಕೋಬಾಲ್ಟ್. ಪೆನ್ಸಿಲ್ ತೆಗೆದುಕೊಂಡು ಆ ಸಾಲಿನಲ್ಲಿ ಎರಡು ಕಡೆ ಗೆರೆ ಎಳೆದೆ. ಸಂಪತ್ತು ಎಂಬಲ್ಲಿ ಸಂಪನ್ಮೂಲ ಎಂದು ಬರೆದೆ. ನೌರುವಿಗೆ ಎಂಬುದನ್ನೂ ಹೊಡೆದುಹಾಕಿದೆ, ಏಕೆಂದರೆ ಆ ಗಂಟುಗಳಿರುವುದು ಹವಾಯಿ ಮತ್ತು ಮೆಕ್ಸಿಕೊ ನಡುವಿನ ಅಂತರರಾಷ್ಟ್ರೀಯ ಸಮುದ್ರತಳದಲ್ಲಿ. ಕಾನೂನಿನ ಪ್ರಕಾರ ಅದು ಇಡೀ ಮನುಕುಲದ ಪಿತ್ರಾರ್ಜಿತ, ನೌರು ಅಲ್ಲಿ ಒಂದು ಕಂಪನಿಯ ಪ್ರಾಯೋಜಕ ದೇಶ ಮಾತ್ರ.