ಮಿರ್ಟಜಪೀನ್: ನಿದ್ದೆ ಮೊದಲ ರಾತ್ರಿ, ಮನಸ್ಸು ಆಮೇಲೆ

ಖಿನ್ನತೆಯ ಔಷಧಿಗಳಲ್ಲಿ ನಮ್ಮ ಮುಂಬೈ ಮೆಡಿಕಲ್ ಹಾಸ್ಟೆಲ್‌ನ ಕನ್ನಡದ ಹುಡುಗರೆಲ್ಲ ಎಡವುವುದು ಈ ಮಿರ್ಟಜಪೀನ್ ಒಂದರಲ್ಲೇ, ಅದಕ್ಕೆ ಬರೆದಿಡುತ್ತಿದ್ದೇನೆ.

ಇದು ಎಸ್‌ಎಸ್‌ಆರ್‌ಐ ಅಲ್ಲ, ಅಂದರೆ ಮುಖ್ಯವಾಗಿ ಸೆರಟೋನಿನ್ ಒಂದನ್ನೇ ಹೆಚ್ಚಿಸುವ ಸಾಮಾನ್ಯ ಖಿನ್ನತೆ ಮಾತ್ರೆಗಳ ಗುಂಪಿನದಲ್ಲ. ನರದ ತುದಿಯಲ್ಲಿ ಆಲ್ಫಾ-2 ರಿಸೆಪ್ಟರ್ ಅಂತ ಒಂದು ಬ್ರೇಕ್ ಇದೆ. ಮಿರ್ಟಜಪೀನ್ ಆ ಬ್ರೇಕ್ ಬೀಳದ ಹಾಗೆ ಮಾಡುತ್ತದೆ, ಆಗ ನರದಿಂದ ನರಕ್ಕೆ ಸುದ್ದಿ ಒಯ್ಯುವ ನಾರ್‌ಅಡ್ರಿನಲಿನ್, ಸೆರಟೋನಿನ್ ಎರಡೂ ಜಾಸ್ತಿ ಹರಿಯುತ್ತವೆ. ಜೊತೆಗೆ 5-ಎಚ್‌ಟಿ2, 5-ಎಚ್‌ಟಿ3 ಅನ್ನುವ ಸೆರಟೋನಿನ್ ರಿಸೆಪ್ಟರ್‌ಗಳು ಬ್ಲಾಕ್. ಹಾಗಾಗಿ ವಾಕರಿಕೆ, ಲೈಂಗಿಕ ತೊಂದರೆ ಎರಡೂ ಎಸ್‌ಎಸ್‌ಆರ್‌ಐಗಳಿಗಿಂತ ಕಡಿಮೆ.

ಮಂಪರು ಬರುವುದು ಹಿಸ್ಟಮಿನ್‌ನ ಎಚ್1 ರಿಸೆಪ್ಟರ್ ಬ್ಲಾಕ್ ಆಗುವುದರಿಂದ. ಹಳೇ ನೆಗಡಿ ಮಾತ್ರೆ ತಿಂದು ತೂಕಡಿಸುತ್ತೇವಲ್ಲ, ಅದೇ ಕಥೆ. ಡೋಸ್ ಅರ್ಧ ಮಾಡಿದರೆ ಮಂಪರೂ ಅರ್ಧವಾಗುತ್ತದೆ ಅಂತ ಮಾತ್ರ ಬರೆಯಬೇಡಿ. ಎಚ್1ಗೆ ಚೂರು ಔಷಧಿ ಸಾಕು. ಡೋಸ್ ಏರಿದಂತೆ ನಾರ್‌ಅಡ್ರಿನಲಿನ್ ಎಬ್ಬಿಸುವ ಕೆಲಸ ಶುರು ಮಾಡುತ್ತದೆ, ಆದ್ದರಿಂದ ಮಂಪರು ಅದೇ ಲೆಕ್ಕದಲ್ಲಿ ಏರುವುದಿಲ್ಲ ಅನ್ನುವುದು ಸಾಮಾನ್ಯ ವಿವರಣೆ. ಎಲ್ಲರಲ್ಲೂ ಹೀಗೇ ಅಂತಲ್ಲ. ಶುರು ರಾತ್ರಿ 15 ಮಿ.ಗ್ರಾಂ, ಗರಿಷ್ಠ 45. ಅರ್ಧಾಯು, ಅಂದರೆ ರಕ್ತದಲ್ಲಿನ ಔಷಧಿ ಅರ್ಧಕ್ಕಿಳಿಯುವ ಹೊತ್ತು, 20ರಿಂದ 40 ಗಂಟೆ, ದಿನಕ್ಕೊಂದು ಸಾಕು.

ಆ ಅರ್ಧಾಯುವನ್ನು ಸುಮ್ನೆ ಉರು ಹೊಡೆಯಬೇಡಿ. ಮಾಟುಂಗಾದ ಹೋಟೆಲ್‌ನಲ್ಲಿ ಬೆಳಗಿನ ನಾಲ್ಕಕ್ಕೇ ಇಡ್ಲಿ ಬೇಯಿಸಲು ಏಳುವ ನಮ್ಮ ಭಟ್ರಿಗೆ ಇದನ್ನು ಕೊಟ್ಟರು ಅಂದುಕೊಳ್ಳಿ. ರಾತ್ರಿ ಹನ್ನೊಂದಕ್ಕೆ ನುಂಗಿದರೆ ನಾಲ್ಕಕ್ಕೆ ತಲೆ ಭಾರ, ಎದುರಿಗೆ ಕುದಿಯುವ ಎಣ್ಣೆ! ಎಷ್ಟಕ್ಕೆ ಏಳುತ್ತೀರಿ ಅಂತ ಕೇಳಿಯೇ ಮಾತ್ರೆಯ ಹೊತ್ತು ಹೇಳಬೇಕು. ಕುಡಿಯುವ ಅಭ್ಯಾಸ ಇದೆಯಾ ಅಂತಲೂ ಕೇಳಬೇಕು, ಎರಡೂ ಸೇರಿದರೆ ಮಂಪರು ಇನ್ನೂ ಜೋರು. ಇನ್ನೊಂದು ಪೇಚು, ನಾಲ್ಕನೇ ದಿನಕ್ಕೆ ಅವರು "ನಿದ್ದೆ ಬಂತಲ್ಲ ಡಾಕ್ಟ್ರೇ, ಇನ್ಯಾಕೆ ಗುಳಿಗೆ?" ಅನ್ನುತ್ತಾರೆ. ನಿದ್ದೆ ಮೊದಲ ರಾತ್ರಿಯೇ ಬರಬಹುದು, ಮನಸ್ಸು ಹಗುರಾಗಲು ಎರಡರಿಂದ ನಾಲ್ಕು ವಾರ ಬೇಕು, ಅಷ್ಟು ದಿನ ಭಟ್ರನ್ನು ಮಾತ್ರೆ ಬಿಡದಂತೆ ಹಿಡಿದಿಡುವುದೇ ನಿಜವಾದ ಕೆಲಸ. ಮುಂದೆ ನಿಲ್ಲಿಸುವಾಗಲೂ ನಿಧಾನಕ್ಕೆ ಇಳಿಸಬೇಕು.

ಹಸಿವು, ತೂಕ ಹೆಚ್ಚುತ್ತವೆ. ಊಟ ನಿದ್ದೆ ಎರಡೂ ಬಿಟ್ಟು ಸೊರಗಿದವರಿಗೆ ಇದು ವರ, ಮೊದಲೇ ದಪ್ಪಗಿದ್ದು ಸಕ್ಕರೆ ಕಾಯಿಲೆ ಇರುವವರಿಗೆ ಕೊಡುವ ಮುಂಚೆ ಎರಡು ಸಲ ಯೋಚಿಸಿ. ಎಂಎಒಐ ಅನ್ನುವ ಹಳೇ ಖಿನ್ನತೆ ಮಾತ್ರೆ ತಿನ್ನುತ್ತಿದ್ದರೆ ಅದನ್ನು ಬಿಟ್ಟು 14 ದಿನ ಆಗಿರಲೇಬೇಕು. 25 ವರ್ಷ ದಾಟದವರಲ್ಲಿ ಮೊದಲ ವಾರಗಳಲ್ಲಿ ಆತ್ಮಹತ್ಯೆಯ ಯೋಚನೆ ಬರುತ್ತಿದೆಯಾ ಅಂತ ಬಾಯಿಬಿಟ್ಟು ಕೇಳಿ. ಜ್ವರ, ಗಂಟಲು ನೋವು ಅಂತ ಬಂದರೆ ಬರೀ ಪ್ಯಾರಾಸಿಟಮಾಲ್ ಕೊಟ್ಟು ಕಳಿಸಬೇಡಿ, ರಕ್ತ ತೆಗೆಸಿ ಬಿಳಿ ಕಣ ಎಣಿಸಿ. ಈ ಔಷಧಿಯಿಂದ ಬಿಳಿ ಕಣ ಕುಸಿಯುವುದು ಅಪರೂಪ, ಆದರೆ ವೈವಾದಲ್ಲಿ (ಬಾಯಿಪರೀಕ್ಷೆಯಲ್ಲಿ) ಕೇಳುವುದು ಇದನ್ನೇ.