ನೋಟಿಸ್ ಬಂದರೆ ದಯವಿಟ್ಟು ತೆಗೆದುಕೊಳ್ಳಿ

ಕಳೆದ ಮಳೆಗಾಲದಲ್ಲಿ ನಾಪೋಕ್ಲು ಕಡೆಯ ಒಬ್ಬ ಅಕ್ಕ ಮಡಿಕೇರಿಯ ನನ್ನ ವಕೀಲಿ ಆಫೀಸಿಗೆ ಬಂದರು. ವಾರಂಟ್ ಆಗಿದೆ ಎಂದು ಪೊಲೀಸರು ಹಿಂದಿನ ದಿನ ಮನೆಗೆ ಬಂದು ಹೇಳಿ ಹೋಗಿದ್ದರಂತೆ. ಮೂರು ವರ್ಷದ ಹಿಂದೆ ಅವರ ಗಂಡನಿಗೆ ಮೈಸೂರಿನಲ್ಲಿ ಹೃದಯದ ಆಪರೇಷನ್ ಆಗಿತ್ತು. ಬೆಳಗಾಗುವುದರೊಳಗೆ 2 ಲಕ್ಷ ಹೊಂದಿಸಬೇಕಿತ್ತು. ಇರುವುದು ಜಮ್ಮಾ ಜಮೀನು, ಅಂದರೆ ಕೊಡಗಿನಲ್ಲಿ ಇಡೀ ಮನೆತನಕ್ಕೆ ಸೇರಿ ಬಂದ ಜಮೀನು; ಪಹಣಿಯಲ್ಲಿ ಒಕ್ಕದವರ (ಮನೆತನದವರ) ಹತ್ತಾರು ಹೆಸರು. ಬ್ಯಾಂಕಿಗೆ ಹೋಗಿ ಪ್ರಯೋಜನವಿರಲಿಲ್ಲ. ಪರಿಚಯದ ಮೆಣಸಿನ ವ್ಯಾಪಾರಿಯೊಬ್ಬರು ದುಡ್ಡು ಕೊಟ್ಟರು, ಸಹಿ ಹಾಕಿದ ಮೂರು ಖಾಲಿ ಚೆಕ್ ಇಟ್ಟುಕೊಂಡರು. ಈಗ ಅದರಲ್ಲೊಂದಕ್ಕೆ 5 ಲಕ್ಷ ತುಂಬಿ ಬ್ಯಾಂಕಿಗೆ ಹಾಕಿದ್ದರು, ಅದು ಬೌನ್ಸ್ ಆಗಿತ್ತು.

"ವಕೀಲರ ನೋಟಿಸ್ ಬಂದಿರಲಿಲ್ವಾ ಅಕ್ಕ?" ಅಂದೆ.

"ಬಂದಿತ್ತು ಸಾರ್. ತಗೊಂಡ್ರೆ ಕೇಸಾಗುತ್ತೆ ಅಂತ ಪಕ್ಕದ ಮನೆಯವ್ರು ಹೇಳಿದ್ರು. ಅಮ್ಮ ಊರಲ್ಲಿಲ್ಲ ಅಂತ ಮಗನ ಹತ್ರ ಹೇಳಿಸ್ದೆ."

ಈ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಸಾಲ ಮಾಡಿದವರ ಮೇಲೆ ನನಗೆ ಎಳ್ಳಷ್ಟೂ ಸಿಟ್ಟಿಲ್ಲ. ಆಪರೇಷನ್ ಥಿಯೇಟರಿನ ಹೊರಗೆ ನಿಂತವರು ಯಾವ ಕಾಗದಕ್ಕಾದರೂ ಸಹಿ ಹಾಕುತ್ತಾರೆ, ನಾನಾಗಿದ್ದರೂ ಹಾಕುತ್ತಿದ್ದೆ. ಆದರೆ ಅಂಚೆಯವರು ಗೇಟಿನ ತನಕ ನಡೆದು ಬಂದು ಕೊಡುವ ಕಾಗದವನ್ನು ಹಿಂದಕ್ಕೆ ಕಳಿಸುವುದನ್ನು ನೋಡಿದರೆ ತಡೆದುಕೊಳ್ಳಲಾಗುವುದಿಲ್ಲ. ಆ ಕಾಗದ ನಿಮ್ಮ ಶತ್ರುವಲ್ಲ. ಚೆಕ್ ಬೌನ್ಸ್ ಕಾನೂನಿನಲ್ಲಿ ಸಾಲಗಾರನಿಗೆ ಸಿಗುವ ಮೊದಲ ರಕ್ಷಣೆಯೇ ಅದು.

ಹೇಗೆಂದರೆ, ಚೆಕ್ ವಾಪಸಾದ ಸುದ್ದಿ ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ಸಾಲ ಕೊಟ್ಟವರು ನೋಟಿಸ್ ಕಳಿಸಲೇಬೇಕು. ಅದು ನಿಮ್ಮ ಕೈಗೆ ಬಂದ ಮೇಲೆ 15 ದಿನ ನಿಮ್ಮದು. ಆ 15 ದಿನದಲ್ಲಿ ಚೆಕ್ಕಿನ ಹಣ ಕೊಟ್ಟರೆ ಅಪರಾಧವೇ ಹುಟ್ಟುವುದಿಲ್ಲ. ಬರೆದ ಮೊತ್ತವೇ ಸುಳ್ಳಾದರೆ, ಅಷ್ಟು ಬಾಕಿ ಇಲ್ಲ ಎಂದು ಲಿಖಿತ ಉತ್ತರ ಕೊಡಬಹುದು. ಉತ್ತರ ಕೊಡದೆ ಕೂತರೆ ಮುಂದೆ ಕೋರ್ಟಿನಲ್ಲಿ "ಆಗಲೇ ಯಾಕೆ ಹೇಳಲಿಲ್ಲ?" ಎಂಬ ಪ್ರಶ್ನೆ ಬರುತ್ತದೆ. ಸುಪ್ರೀಂ ಕೋರ್ಟ್ 2010ರ ರಂಗಪ್ಪ ಪ್ರಕರಣದಲ್ಲಿ ಈ ಮೌನವನ್ನು ಆರೋಪಿಯ ವಿರುದ್ಧವೇ ಎಣಿಸಿತು. ಅದು ನಮ್ಮ ಕರ್ನಾಟಕದಿಂದಲೇ ಹೋದ ಕೇಸು.

ತೆಗೆದುಕೊಳ್ಳದಿದ್ದರೆ? ವಿಳಾಸ ಸರಿಯಿದ್ದು, ಕಾಗದ ನಿರಾಕರಿಸಿದ್ದಾರೆಂದೋ ಬಾಗಿಲು ಹಾಕಿತ್ತೆಂದೋ ಷರಾ ಬಿದ್ದು ಹಿಂದಕ್ಕೆ ಹೋದರೆ, ಅದು ತಲುಪಿತೆಂದೇ ಕಾನೂನು ಸಾಮಾನ್ಯವಾಗಿ ಭಾವಿಸುತ್ತದೆ. ಅಂದರೆ ನೋಟಿಸ್ ತಲುಪಿದ್ದಾಯಿತು, 15 ದಿನ ಓಡಿದ್ದೂ ಆಯಿತು, ಒಳಗೆ ಏನಿತ್ತೆಂದು ನಿಮಗೆ ಮಾತ್ರ ಗೊತ್ತಾಗಲಿಲ್ಲ. ನಿಜವಾಗಿಯೂ ನೋಟಿಸ್ ಸಿಗದವರು ಸಮನ್ಸ್ ಬಂದ 15 ದಿನದೊಳಗೆ ಹಣ ಕಟ್ಟಬಹುದು ಎಂದು 2007ರ ತೀರ್ಪೊಂದು ಹೇಳುತ್ತದೆ. ಆದರೆ ನಮ್ಮವರು ಸಮನ್ಸನ್ನೂ ವಾಪಸ್ ಕಳಿಸುತ್ತಾರೆ! ಆಮೇಲೆ ಬರುವುದು ವಾರಂಟ್.

"ಅದು ಸೆಕ್ಯೂರಿಟಿಗೆ ಕೊಟ್ಟ ಖಾಲಿ ಚೆಕ್, ಕೇಸ್ ನಿಲ್ಲಲ್ಲ" ಎನ್ನುವವರಿಗೂ ಒಂದು ಮಾತು. ನೀವೇ ಒಪ್ಪಿ ಸಹಿ ಹಾಕಿ ಕೊಟ್ಟ ಚೆಕ್ಕನ್ನು ಬೇರೆಯವರು ತುಂಬಿದರೂ, ಅದು ಸಾಲಕ್ಕಾಗಿಯೇ ಕೊಟ್ಟದ್ದೆಂಬ ಊಹೆ ಹಾಗೇ ಉಳಿಯುತ್ತದೆ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಊಹೆಯನ್ನು ಮುರಿಯುವ ಕೆಲಸ ನಿಮ್ಮ ಮೇಲೆ ಬೀಳುತ್ತದೆ. ಹಾಗಂತ ದಾರಿ ಮುಚ್ಚಿಲ್ಲ. ಚೆಕ್ ಕೊಟ್ಟ ಮೇಲೆ ಸಾಲದ ಒಂದು ಭಾಗ ತೀರಿಸಿದ್ದರೆ, ಅದನ್ನು ಲೆಕ್ಕಕ್ಕೆ ಹಿಡಿಯದೆ ಪೂರ್ತಿ ಮೊತ್ತಕ್ಕೆ ಚೆಕ್ ಹಾಕಿದಾಗ ಆ ಅಪರಾಧ ಆಗುವುದಿಲ್ಲ ಎಂದು 2022ರ ತೀರ್ಪಿದೆ. ತೀರಿಸಿದ್ದಕ್ಕೆ ಪುರಾವೆ ಬೇಕು, ಅಷ್ಟೆ. ಪ್ರತಿ ಕೇಸಿನ ಸಂಗತಿ ಬೇರೆ. ಇದನ್ನು ಓದಿ ನೀವೇ ಉತ್ತರ ಬರೆದು ಕಳಿಸಬೇಡಿ, ಕಾಗದ ಹಿಡಿದು ವಕೀಲರ ಹತ್ತಿರ ಹೋಗಿ.

ನಮ್ಮ ಅಕ್ಕನಿಗೆ ತೊಡಕಾದದ್ದು ಈ ಪುರಾವೆಯೇ. ಎರಡು ವರ್ಷ ಮೆಣಸಿನ ಚೀಲಗಳನ್ನೇ ವ್ಯಾಪಾರಿಗೆ ಹಾಕಿ ಸಾಲ ತೀರಿಸುತ್ತಾ ಬಂದಿದ್ದರು. ಒಂದು ಚೀಟಿ ಇಲ್ಲ. ಪುಣ್ಯಕ್ಕೆ ಒಂದು ಸಲ ಮಗ 40,000 ರೂಪಾಯಿಯನ್ನು ಫೋನ್‌ಪೇ ಮಾಡಿದ್ದ. ಅದೊಂದು ಸಾಲಿನ ಮೇಲೆ ನಾನು ಇಡೀ ವಾದ ಕಟ್ಟಬೇಕಾಯಿತು.

ಸಾಲಕ್ಕೆ ಮೊದಲಿನ ವಿಷಯ ಬೇಗ ಹೇಳಿಬಿಡುತ್ತೇನೆ. ಬಿಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ತುರ್ತಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ಆಸ್ಪತ್ರೆಯಲ್ಲಿ ಮೊದಲು ಆರೋಗ್ಯ ಮಿತ್ರ (ಈ ಯೋಜನೆಯ ಸಹಾಯಕ ಸಿಬ್ಬಂದಿ) ಯಾರೆಂದು ಕೇಳಿ, ಚೆಕ್ ಪುಸ್ತಕ ಆಮೇಲೆ. ರೋಗಿ ತೀರಿಕೊಂಡರೆ ಬಿಲ್ ಬಾಕಿಯ ನೆಪದಲ್ಲಿ ಖಾಸಗಿ ಆಸ್ಪತ್ರೆ ಶವ ಹಿಡಿದಿಟ್ಟುಕೊಳ್ಳುವಂತಿಲ್ಲ; ನಮ್ಮ ರಾಜ್ಯದ ಕಾನೂನಿಗೆ 2017ರಲ್ಲಿ ತಂದ ತಿದ್ದುಪಡಿ ಅದು.

ವಕೀಲರ ಫೀಸಿಗೆ ಹೆದರಿ ಬಾರದವರೂ ಇದ್ದಾರೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ತೋಟದ ಲೈನ್ ಮನೆಗಳಲ್ಲಿರುವ ಯರವ, ಜೇನು ಕುರುಬ ಬುಡಕಟ್ಟಿನವರು ಇದನ್ನು ಕೇಳಿ ಪಡೆಯಬೇಕು. ಸಹಾಯವಾಣಿ 15100.

ವಾರಂಟ್ ರದ್ದು ಮಾಡಿಸಿದ ಮೇಲೆ ಅಕ್ಕನ ಕೇಸು ಲೋಕ ಅದಾಲತ್‌ನಲ್ಲಿ ಒಂದೂವರೆ ಲಕ್ಷಕ್ಕೆ ರಾಜಿಯಾಯಿತು. ಕಂತುಗಳನ್ನು ಕಾಫಿ ಕುಯ್ಲು ಮುಗಿಯುವ ತಿಂಗಳಿಗೆ ಇಡಿಸಿದೆ, ಬೇರೆ ತಿಂಗಳಲ್ಲಿ ಅವರ ಕೈಯಲ್ಲಿ ಕಾಸಿರುವುದಿಲ್ಲ. ಉಳಿದ ಎರಡು ಖಾಲಿ ಚೆಕ್ ವಾಪಸ್ ಕೊಡಬೇಕೆಂದು ರಾಜಿ ಪತ್ರದಲ್ಲೇ ಬರೆಸಿ, ಅಲ್ಲೇ ಎಣಿಸಿ ಇಸಿದುಕೊಂಡೆವು.