ಜೀತ ಅಂದ್ರೆ ಒಂದು ಕಾಲಕ್ಕೆ ಸಂಬಳ

ಜೀತ ಅಂದ ಕೂಡಲೇ ನಮಗೆ ನೆನಪಾಗುವುದು ಸಾಲ ತೀರದೆ ಧಣಿಯ ಮನೆಯಲ್ಲಿ ದುಡಿಯುವ ಆಳು. ಆದರೆ ಹಳಗನ್ನಡದಲ್ಲಿ ಜೀತ ಅಂದ್ರೆ ಸಂಬಳ, ಕೂಲಿ. ಸಂಸ್ಕೃತದ ‘ಜೀವಿತ’ ನಮ್ಮ ನಾಲಿಗೆಯಲ್ಲಿ ಸವೆದು ‘ಜೀತ’ ಆಯಿತು. ಕೂಲಿಗಿದ್ದ ಹೆಸರೇ ಕೂಲಿಯಿಲ್ಲದ ದುಡಿಮೆಗೆ ಅಂಟಿಕೊಂಡಿತು. ನೆನೆದರೆ ಸಂಕಟವಾಗುತ್ತದೆ.

ಇಂಗ್ಲಿಷಿನ ‘ಸ್ಲೇವ್’ ಬಂದದ್ದು ಸ್ಲಾವ್ ಜನರ ಹೆಸರಿಂದ. ಮಧ್ಯಯುಗದ ಯುರೋಪಿನಲ್ಲಿ ಅವರನ್ನು ಅಷ್ಟೊಂದು ಸೆರೆಹಿಡಿದು ಮಾರಿದ್ದರು. ‘ಗುಲಾಮ’ ಅರಬ್ಬಿ ಪದ, ಮೂಲದಲ್ಲಿ ‘ಹುಡುಗ’ ಅಂತ.

ನಮ್ಮ ಜೀತದಲ್ಲಿ ಸಂತೆಯೂ ಇಲ್ಲ, ಹರಾಜೂ ಇಲ್ಲ. ಮದುವೆಗೋ ಕಾಯಿಲೆಗೋ ಅಪ್ಪ ಸಾಲ ತರುತ್ತಿದ್ದ. ಅಡ ಇಡಲು ಒಡವೆಯಿಲ್ಲ, ಹೊಲವಿಲ್ಲ. ಮಗನನ್ನು ‘ಜೀತಕ್ಕೆ ಇಡುತ್ತಿದ್ದ’. ಆ ‘ಇಡು’ ಗಮನಿಸಿ, ಒಡವೆಗೆ ಬಳಸುವ ಮಾತೇ ಅಲ್ವಾ? ಹುಡುಗ ದನ ಮೇಯಿಸಬೇಕು, ಸಗಣಿ ಬಾಚಬೇಕು, ಕೊಟ್ಟಿಗೆಯಲ್ಲೇ ಮಲಗಬೇಕು. ಲೆಕ್ಕ ಬರೆಯುವವನು ಧಣಿ, ಹೆಬ್ಬೆಟ್ಟು ಒತ್ತುವವನು ಅಪ್ಪ. ಬಡ್ಡಿ ಬೆಳೆಯುತ್ತಿತ್ತು, ಹುಡುಗನೂ ಬೆಳೆಯುತ್ತಿದ್ದ. ಸಾಲ ಮಾತ್ರ ಹಾಗೇ ಇರುತ್ತಿತ್ತು. ಆ ಹುಡುಗ ಜಾಸ್ತಿ ಸಲ ದಲಿತರ ಮನೆಯವನು.

ಬಿಟ್ಟಿ ದುಡಿಮೆ ಕೂಡದು ಅಂತ ಸಂವಿಧಾನದ 23ನೇ ವಿಧಿ 1950ರಲ್ಲೇ ಹೇಳಿತು. ಜೀತಕ್ಕೇ ಅಂತ ದೇಶಕ್ಕೆಲ್ಲ ಒಂದು ಕಾನೂನು ಬರಲು ಇನ್ನೂ 25 ವರ್ಷ ಬೇಕಾಯಿತು. 1975ರ ಅಕ್ಟೋಬರಿನಲ್ಲಿ ಸುಗ್ರೀವಾಜ್ಞೆ, 1976ರಲ್ಲಿ ಕಾಯ್ದೆ. ಜೀತದ ಸಾಲಗಳೆಲ್ಲ ಅಲ್ಲಿಗೇ ವಜಾ. ದೇಶದಲ್ಲಿ ಈ ಪದ್ಧತಿಗಿದ್ದ ಹೆಸರುಗಳನ್ನು ಆ ಕಾಯ್ದೆ ಸಾಲಾಗಿ ಪಟ್ಟಿ ಮಾಡುತ್ತದೆ. ಅದರಲ್ಲಿ ನಮ್ಮ ‘ಜೀತ’ ಇದೆ. ‘ಹೊಲ್ಯ’ ಅನ್ನುವುದೂ ಇದೆ. ಒಂದು ಜಾತಿಯ ಹೆಸರೇ ದುಡಿಸಿಕೊಳ್ಳುವ ಪದ್ಧತಿಯ ಹೆಸರಾಗಿತ್ತು. ಮೊದಲ ಸಲ ಓದಿದಾಗ ನನಗೆ ಮುಂದಿನ ಸಾಲಿಗೆ ಹೋಗಲು ಆಗಲಿಲ್ಲ.

ಕಾಯ್ದೆ ಬಂದು 24 ವರ್ಷವಾದ ಮೇಲೆ, 2000ದಲ್ಲಿ, ಮಂಡ್ಯ ಜಿಲ್ಲೆಯ ಹಂಗರಹಳ್ಳಿಯ ಕಲ್ಲು ಕ್ವಾರಿಯಲ್ಲಿ ಕಾಲಿಗೆ ಸರಪಳಿ ಬಿಗಿಸಿಕೊಂಡ ಕೂಲಿಗಳು ಸಿಕ್ಕರು.

ಈಗ ಇಟ್ಟಿಗೆ ಗೂಡುಗಳಲ್ಲಿ, ಕ್ವಾರಿಗಳಲ್ಲಿ ಜೀತ ಅನ್ನುವ ಮಾತನ್ನು ಯಾರೂ ಆಡುವುದಿಲ್ಲ. ‘ಅಡ್ವಾನ್ಸ್’ ಅನ್ನುತ್ತಾರೆ. ಅಡ್ವಾನ್ಸ್ ತೀರುವ ತನಕ ಗಂಡ, ಹೆಂಡತಿ, ಮಕ್ಕಳು ಯಾರೂ ಅಲ್ಲಿಂದ ಕದಲುವಂತಿಲ್ಲ ಅಂದರೆ ಕಾಯ್ದೆಯ ಕಣ್ಣಲ್ಲಿ ಅದು ಜೀತವೇ. ಇದು ಜೀತದ ಸಾಲ ಅಂತ ಕೂಲಿಯವನು ಹೇಳಿದರೆ ಸಾಕು. ಅಲ್ಲ ಅಂತ ಸಾಬೀತು ಮಾಡಬೇಕಾದವನು ಸಾಲ ಕೊಟ್ಟವನು.